ತಿಪ್ಪಕ್ಕನ ಸೌಟಿನ ತೂಕ

ತಿಪ್ಪಕ್ಕನ ಸೌಟು ಮೂವತ್ತೆಂಟು ಸೇರು ತೂಗಿದ ದಿನ ನಮ್ಮ ಕಚೇರಿಯಲ್ಲಿ ಯಾರಿಗೂ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಇನ್ನೆರಡು ಸೇರು ಏರಿದರೆ ಒಂದು ಮಣ. ಮಣ ಮುಟ್ಟಿದ ಸಾಮಾನನ್ನು ಅದರ ಒಡೆಯರು ನಾಲ್ಕು ಜನರ ಎದುರು ಕೆಳಗಿಟ್ಟು, ಕೈಮುಗಿದು ಮನೆಗೆ ಹೋಗಬೇಕು. ಕೆಲಸ ಬೇರೆಯವರ ಪಾಲಾಗಬೇಕು. ಈ ಊರಿನ ಕಟ್ಟಳೆ ಇದು. ತಿಪ್ಪಕ್ಕ ಇಪ್ಪತ್ತೆರಡು ವರ್ಷದಿಂದ ಶಾಲೆಯ ಮುನ್ನೂರು ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡಿ ಬಡಿಸುತ್ತಿದ್ದವಳು. ಆ ಮುನ್ನೂರರಲ್ಲಿ ನನ್ನ ಮಗಳು ಕುಮುದಳೂ ಒಬ್ಬಳು. ಬೆಳಗಿನ ತಿಂಡಿಯನ್ನೇ ಒದ್ದಾಡಿಕೊಂಡು ಮಾಡುವ ನನ್ನಂಥ ತಾಯಂದಿರು ಮಧ್ಯಾಹ್ನದ ಡಬ್ಬಿ ಕಟ್ಟುವ ಪಾಡಿಲ್ಲದೆ ಬದುಕಿರುವುದು ಆ ಸೌಟಿನ ದಯೆಯಿಂದ.

ಕೆಲಸದಲ್ಲಿ ಮನಸ್ಸಿಲ್ಲದವರ ಕೈಯ ಸಾಮಾನು ಇಲ್ಲಿ ಭಾರವಾಗುತ್ತದೆ. ಹೊರಗಿನವರು ಕೇಳಿದರೆ ಕಣ್ಣರಳಿಸುತ್ತಾರೆ. ನಮಗದು ತೇವಕ್ಕೆ ಬಾಗಿಲು ಬಿಗಿಯಾಗುವಷ್ಟೇ ಸಹಜ. ಎದುರು ಸಿಕ್ಕವರನ್ನು ನಾವು ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ, "ಎಷ್ಟಿದೆ?" ಎನ್ನುತ್ತೇವೆ. ಹೆಣ್ಣು ಕೇಳಲು ಬಂದ ಹುಡುಗ ಲೇಖನಿಯನ್ನೋ ಕತ್ತರಿಯನ್ನೋ ಜತೆಗೆ ತರಬೇಕು, ಹುಡುಗಿಯ ಸೋದರಮಾವ ಅದನ್ನೊಮ್ಮೆ ಎತ್ತಿ ನೋಡಿಯೇ ಉಪ್ಪಿಟ್ಟಿಗೆ ಕೈಹಾಕಬೇಕು. ಊರಿನ ಹೆಸರಾಂತ ಪೈಲ್ವಾನರೆಲ್ಲ ನೋಂದಣಿ ಕಚೇರಿಯವರು. ನನ್ನ ಯಜಮಾನರೂ ಅಲ್ಲಿ ಮೊಹರು ಒತ್ತುವವರೇ. ಬೇರೆ ಊರಿನವರಾದ ನಮ್ಮಪ್ಪ ಅವರ ಬಲತೋಳನ್ನು ನೋಡಿ, ಮೈಬಗ್ಗಿಸಿ ದುಡಿಯುವ ಹುಡುಗ ಎಂದು ನನ್ನನ್ನು ಕೊಟ್ಟುಬಿಟ್ಟರು. ಮೂರನೇ ಅಡ್ಡರಸ್ತೆಯ ನಡುವೆ ಒಂದು ಸೀಮೆಸುಣ್ಣದ ತುಂಡು ಬಿದ್ದಿದೆ. ಅದನ್ನು ಬೀಳಿಸಿದ ಮೇಷ್ಟ್ರ ಪಾಠವನ್ನು ವಹಿಸಿಕೊಳ್ಳಲು ಯಾರೂ ಒಪ್ಪಲಿಲ್ಲ, ಎತ್ತಲು ಯಾರಿಂದಲೂ ಆಗಲಿಲ್ಲ. ಕೊನೆಗೆ ರಸ್ತೆಯೇ ಅದನ್ನು ಬಳಸಿಕೊಂಡು ಹೋಯಿತು.

ನನ್ನದು ಪುರಸಭೆಯ ಭಾರ ವಿಚಾರಣೆಯ ಕೆಲಸ. ತಿಂಗಳಿಗೊಮ್ಮೆ ತಕ್ಕಡಿ ಹೊರಿಸಿಕೊಂಡು ಕೆಲಸದ ಜಾಗಗಳಿಗೆ ಹೋಗುವುದು, ಸಾಮಾನು ತೂಗುವುದು, ಹತ್ತು ಸೇರು ಮೀರಿದ್ದರೆ ಆ ಮನುಷ್ಯನನ್ನು ಕೂರಿಸಿ ಮಾತಾಡಿಸಿ, ಭಾರಕ್ಕೆ ಕಾರಣ ಕಂಡುಹಿಡಿದು ಬರೆಯುವುದು. ನನ್ನ ತಕ್ಕಡಿ ಎಷ್ಟು ತೂಗುತ್ತದೆ ಎಂದು ಈವರೆಗೆ ಯಾರೂ ವಿಚಾರಿಸಿಲ್ಲ. ತಕ್ಕಡಿಯನ್ನು ತೂಗಲು ಇನ್ನೊಂದು ತಕ್ಕಡಿ ಬೇಕಲ್ಲ.

ಹದಿನೈದು ವರ್ಷದ ಈ ಕೆಲಸದಲ್ಲಿ ನಾನು ಹೆಸರು ಮಾಡಿದ್ದು ಒಂದೇ ಒಂದು ಸಂಗತಿಯಿಂದ. ಮೂರು ವರ್ಷದ ಹಿಂದೆ ಕ್ಷೌರದ ಚೌಡಪ್ಪನ ಕತ್ತರಿ ಹದಿನೆಂಟು ಸೇರಾಗಿತ್ತು. ಯಾರೋ ಗಿರಾಕಿ ಕನ್ನಡಿ ನೋಡಿಕೊಂಡು, "ಏನಯ್ಯಾ, ಇಲಿ ಕಡಿದ ಹಾಗಿದೆ" ಎಂದಿದ್ದನಂತೆ. ನಾನು ಚೌಡಪ್ಪನ ಮುಂದೆ ಕುಳಿತು, ಅವನ ಕೈಯಂಥ ಕೈ ಹತ್ತೂರಲ್ಲಿ ಇಲ್ಲ ಎಂದು ಅರ್ಧ ಗಂಟೆ ಹೊಗಳಿದೆ. ಕತ್ತರಿ ಹಗುರವಾಗಿ ಕೈಯಿಂದ ಹಾರುವ ಹಾಗಾಯಿತು. ಅಂದೇ ವರದಿ ಬರೆದೆ: ಭಾರಕ್ಕೆ ಮೂಲ ಕೊಂಕುಮಾತು, ಮದ್ದು ಹೊಗಳಿಕೆ. ನಮ್ಮ ಮೇಲಧಿಕಾರಿ ಪುಟ್ಟಸೋಮಯ್ಯನವರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ವಾರವೇ ಊರಿಗೆಲ್ಲ 'ಒಳ್ಳೆ ಮಾತಿನ ನಿಯಮ' ಜಾರಿಗೆ ಬಂತು. ಯಾರೂ ಯಾರ ಕೆಲಸಕ್ಕೂ ಹೆಸರಿಡಕೂಡದು. ಇಟ್ಟವರು ಸೋಮವಾರ ಚೌಕದಲ್ಲಿ ನಿಂತು, ಹೋಗುವ ಬರುವ ನೂರು ಜನರನ್ನು ಹೊಗಳಬೇಕು. ನನಗೆ ಬಡ್ತಿ ಸಿಕ್ಕಿತು, ಕೂರಲು ಕೈಯಿರುವ ಕುರ್ಚಿ ಬಂತು.

ಮೊದಲ ಆರು ತಿಂಗಳು ಊರು ಹತ್ತಿಯ ಹಾಗೆ ಹಗುರವಾಗಿತ್ತು. ಆಮೇಲೆ ತಕ್ಕಡಿಯ ಮುಳ್ಳು ಮೆಲ್ಲಗೆ ಏರತೊಡಗಿತು. ಹೊಗಳಿಕೆ ಸಾಲದು ಎಂದು ತೀರ್ಮಾನಿಸಿ ನಾವು ಪ್ರಮಾಣ ಹೆಚ್ಚಿಸಿದೆವು.

ತಿಪ್ಪಕ್ಕನ ವಿಚಾರಣೆಗೆ ನಾನು ಎಂಟು ಸಲ ಹೋಗಿದ್ದೇನೆ. ದಣಿವು, ಮನೆಯ ಚಿಂತೆ, ಮೇಲಿನವರ ಕಾಟ, ಜತೆಯವರ ಅಸೂಯೆ, ಮಾಡಿದ್ದನ್ನೇ ಮಾಡುವ ಬೇಸರ ಎಂದು ನಮ್ಮ ಅಚ್ಚಾದ ಹಾಳೆಯಲ್ಲಿ ಐದು ಕಾರಣಗಳಿವೆ. ಒಂದೊಂದನ್ನೇ ಓದಿ ಹೇಳಿದೆ. ಅವಳು ಅಕ್ಕಿ ಆರಿಸುವವಳ ಹಾಗೆ ಒಂದೊಂದನ್ನೂ ಪಕ್ಕಕ್ಕೆ ತಳ್ಳಿದಳು.

"ದಣಿವು ಯಾರಿಗಿಲ್ಲ ಮೇಡಮ್ಮಾ? ನಿಮ್ಮ ಮುಖ ನೋಡಿದ್ರೆ ನಂಗಿಂತ ನೀವೇ ಸುಸ್ತಾಗಿದೀರಿ."

"ಮತ್ತೆ ಏನು ತಿಪ್ಪಕ್ಕಾ? ಬಾಯಿಬಿಟ್ಟು ಹೇಳು."

"ಗೊತ್ತಿದ್ರೆ ಹೇಳ್ತಿರಲಿಲ್ವಾ? ಬೆಳಿಗ್ಗೆ ಎದ್ದು ಒಲೆ ಹಚ್ಚೋಕೆ ಕೈಯೇ ಬರಲ್ಲ. ಅಷ್ಟೇ ನಂಗೆ ಗೊತ್ತಿರೋದು."

ಗೊತ್ತಿಲ್ಲ ಎಂಬುದಕ್ಕೆ ನಮ್ಮ ಹಾಳೆಯಲ್ಲಿ ಜಾಗವಿರಲಿಲ್ಲ, ದಣಿವು ಎಂದು ಬರೆದುಕೊಂಡು ಬಂದೆ. ಎಂಟು ದಿನ ರಜೆ ಕೊಡಿಸಿದೆವು. ಮರಳಿ ಬಂದಾಗ ಸೌಟು ಮೂರು ಸೇರು ಹೆಚ್ಚಾಗಿತ್ತು. ಕಬ್ಬಿಣದ್ದಾಯಿತು ಅದಕ್ಕೇ ಎಂದು ಮರದ ಸೌಟು ತರಿಸಿದೆವು. ಅದು ಅವಳ ಕೈಗೆ ಬಂದ ಕ್ಷಣವೇ ಕಬ್ಬಿಣದ್ದರ ತೂಕಕ್ಕೆ ಸಮನಾಯಿತು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಶಾಲು ಹೊದಿಸಿ, 'ಅನ್ನಪೂರ್ಣೆ' ಎಂದು ಕರೆದು ಸನ್ಮಾನ ಮಾಡಿದೆವು. ಮತ್ತೆ ಐದು ಸೇರು ಏರಿತು. ಕೊನೆಗೆ ಮುಖ್ಯೋಪಾಧ್ಯಾಯ ವಿರೂಪಾಕ್ಷ ಮೇಷ್ಟ್ರು ಅಡುಗೆಮನೆಯ ತೊಲೆಗೆ ಬಾವಿಯ ರಾಟೆ ಕಟ್ಟಿಸಿ, ಸೌಟಿನ ಹಿಡಿಗೆ ಹಗ್ಗ ಬಿಗಿಸಿದರು. ಮೇಲ್ಕೆಲಸದ ಇಬ್ಬರು ಹೆಂಗಸರು ಹಗ್ಗ ಜಗ್ಗುವುದು, ತಿಪ್ಪಕ್ಕ ಸೌಟನ್ನು ತಟ್ಟೆಯ ಕಡೆ ತಿರುಗಿಸುವುದು. ಪ್ರತಿ ಮಗುವಿಗೂ ಒಂದು ಸಲ ಕಿರ್ರ್ ಎಂದು ರಾಟೆಯ ಸದ್ದು. ಮುನ್ನೂರು ಕಿರ್ರ್‌ಗಳಿಗೆ ಊಟ ಮುಗಿಯುವಷ್ಟರಲ್ಲಿ ಸಂಜೆಯ ಗಂಟೆ ಹೊಡೆಯುತ್ತಿತ್ತು.

ಮೂವತ್ತೆಂಟಾದ ದಿನ ಅವಳೇ ನನ್ನನ್ನು ಬಾಗಿಲ ತನಕ ಕಳಿಸಲು ಬಂದಳು. "ಮನೇಲಿ ಸೊಸೆ ಒಲೆ ಹತ್ರ ಬಿಡಲ್ಲ ಮೇಡಮ್ಮಾ. 'ಕೂತ್ಕೊಳ್ಳಿ ಅತ್ತೆ, ಆರಾಮಾಗಿರಿ' ಅಂತಾಳೆ. ಒಳ್ಳೇ ಹುಡುಗೀನೇ. ಆದ್ರೆ ಇಲ್ಲೂ ಕೆಳಗಿಟ್ಟುಬಿಟ್ರೆ ನಾನು ಇನ್ಯಾವುದನ್ನ ಎತ್ಲಿ, ಹೇಳಿ?" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳುವುದಾದರೂ ಬರುತ್ತಿತ್ತು.

ಮರುವಾರ ಕಡೆಯ ತೂಕ ಎಂದು ನಿಗದಿಯಾಯಿತು. ಆ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಂದಿನ ಯುದ್ಧ. ಯಜಮಾನರು ಒಂದು ಕಾಲುಚೀಲ ಹುಡುಕುತ್ತಿದ್ದರು, ನಾನು ಒಂದು ಕೈಯಲ್ಲಿ ಕುಮುದಳ ಜಡೆ ಹೆಣೆಯುತ್ತ ಇನ್ನೊಂದು ಕೈಯಲ್ಲಿ ಬಾಣಲೆ ಕೆದಕುತ್ತಿದ್ದೆ. ಜಡೆ ನೆಟ್ಟಗಾಯಿತು, ಉಪ್ಪಿಟ್ಟು ತಳ ಹತ್ತಿತು. ಮೇಲಿನದನ್ನು ಗೀರಿ ತಟ್ಟೆಗೆ ಹಾಕಿದೆ. ಕುಮುದ ಕೊನೆಯ ತುತ್ತು ನುಂಗಿ, ಎದ್ದು ನಿಂತು, ಕೈಕಟ್ಟಿ ಒಂದೇ ಉಸಿರಿಗೆ ಹೇಳಿದಳು: "ಇಂದಿನ ಊಟ ಬಹಳ ರುಚಿಯಾಗಿತ್ತು, ವಂದನೆಗಳು."

ನನ್ನ ಕೈಯಲ್ಲಿದ್ದ ಬಾಣಲೆ ಧಡ್ ಎಂದು ಒಲೆಯ ಮೇಲೆ ಕುಳಿತಿತು.

ಎತ್ತಲು ನೋಡಿದೆ, ಎರಡು ಕೈಯೂ ಬೇಕಾಯಿತು. ನಾಲ್ಕು ಸೇರಾದರೂ ಇದ್ದೀತು. ಹದಿನೈದು ವರ್ಷದಿಂದ ಬೇರೆಯವರ ಭಾರ ತೂಗಿದ ನನಗೆ, ಭಾರ ಹೀಗೆ ಒಂದು ಮಾತಿನ ಬೆನ್ನಿಗೇ ಕೈಗೆ ಇಳಿಯುವುದು ಅದುವರೆಗೆ ಗೊತ್ತಿರಲಿಲ್ಲ.

"ಏನಂದೆ ನೀನು?"

"ಸ್ಕೂಲಲ್ಲಿ ಊಟ ಆದ್ಮೇಲೆ ಹಂಗೇ ಹೇಳಬೇಕಮ್ಮಾ. ಮೇಷ್ಟ್ರು ಹೇಳಿಕೊಟ್ಟಿದಾರೆ. ರಾಗವಾಗಿ ಬೇಕಾದ್ರೂ ಹೇಳ್ತೀನಿ."

"ಬೇಡ. ಉಪ್ಪಿಟ್ಟು ಹೇಗಿತ್ತು? ನಿಜ ಹೇಳು."

ಅವಳು ಬಾಣಲೆಯನ್ನು ಅನುಮಾನದಿಂದ ನೋಡಿದಳು. "ನಿಜ ಹೇಳಿದ್ರೆ ನಿನ್ನ ಬಾಣಲೆ ಭಾರ ಆಗುತ್ತಲ್ಲ. ನೀನೇ ತಾನೇ ಆ ನಿಯಮ ಬರೆದಿರೋದು?"

"ಆಗಲಿ. ಹೇಳು."

"ಸೀದಿತ್ತು. ಸೀದಿದ್ರೂ ರವೆ ಮಾತ್ರ ಹಸಿ ಇತ್ತು. ಹಂಗೆ ಹೆಂಗೆ ಮಾಡ್ದೆ ಅಂತ ಯೋಚ್ನೆ ಮಾಡ್ತಿದ್ದೆ."

ಯಜಮಾನರು ಕಾಲುಚೀಲದ ಸಮೇತ ಬಾಗಿಲಲ್ಲಿ ಕಲ್ಲಾಗಿ ನಿಂತರು. ನನಗೆ ಸಿಟ್ಟು ಬಂತು. ಹೊತ್ತಿಗೆ ಮುಂಚೆ ಎದ್ದವಳು ನಾನು, ಹೇಳುವುದು ಇವಳು. ನಾಳೆ ಇವಳ ಬಾಯಿ ಮುಚ್ಚುವಂಥ ಉಪ್ಪಿಟ್ಟು ಮಾಡದಿದ್ದರೆ ಕೇಳು ಎಂದುಕೊಳ್ಳುತ್ತ ಬಾಣಲೆಯನ್ನು ಬಚ್ಚಲಿಗೆ ಎತ್ತಿಕೊಂಡು ಹೋದೆ. ಅರ್ಧ ದಾರಿಯಲ್ಲಿ ನಿಂತೆ. ಬಾಣಲೆ ಬೆರಳತುದಿಯಲ್ಲಿ ಹಗುರವಾಗಿ ತೂಗಾಡುತ್ತಿತ್ತು.

ಹಿಂದಕ್ಕೆ ಬಂದು ಅವಳ ಎದುರು ಕುಕ್ಕರುಗಾಲಲ್ಲಿ ಕುಳಿತೆ. "ಕುಮುದಾ, ತಿಪ್ಪಕ್ಕನ ಸಾರು ಹೇಗಿರುತ್ತೆ?"

"ಉಪ್ಪಿರಲ್ಲ."

"ಎಷ್ಟು ದಿನದಿಂದ?"

"ಎರಡನೇ ಕ್ಲಾಸಿಂದ." ಅವಳೀಗ ನಾಲ್ಕನೆಯ ತರಗತಿ. ನನ್ನ ಮುಖ ನೋಡಿ ಅವಳು ತನ್ನ ಕಂಪಾಸು ಪೆಟ್ಟಿಗೆ ತೆರೆದು ತೋರಿಸಿದಳು. ಪೆನ್ಸಿಲ್ಲು, ಅಳಿಸುವ ರಬ್ಬರು, ಅವುಗಳ ನಡುವೆ ಕಾಗದದ ಪುಟ್ಟ ಪೊಟ್ಟಣ. "ಎಲ್ಲಾರೂ ಮನೆಯಿಂದ ಉಪ್ಪು ತಗೊಂಡು ಹೋಗ್ತೀವಿ. ತಟ್ಟೆ ಕೆಳಗಿಟ್ಟುಕೊಂಡು ಹಾಕ್ಕೋತೀವಿ. ತಿಪ್ಪಕ್ಕಂಗೆ ಗೊತ್ತಾದ್ರೆ ಬೇಜಾರಾಗಿ ಸೌಟು ಇನ್ನೂ ಭಾರ ಆಗುತ್ತಲ್ಲ, ಪಾಪ."

ಮುನ್ನೂರು ಕಂಪಾಸು ಪೆಟ್ಟಿಗೆಗಳಲ್ಲಿ ಮುನ್ನೂರು ಪೊಟ್ಟಣ ಉಪ್ಪು, ಎರಡು ವರ್ಷ. ಸತ್ಯವನ್ನು ಅಷ್ಟು ಕಟ್ಟುನಿಟ್ಟಾಗಿ ಬಚ್ಚಿಡಲು ಮಕ್ಕಳಿಗೆ ಕಲಿಸಿದ ನಿಯಮದ ಕೆಳಗೆ ನನ್ನ ರುಜು ಇತ್ತು.

ಹನ್ನೆರಡೂವರೆಗೆ ತಕ್ಕಡಿಯ ಜತೆ ಶಾಲೆಗೆ ಹೋದೆವು. ಪುಟ್ಟಸೋಮಯ್ಯನವರು ಹೊಸ ಅಂಗಿ ತೊಟ್ಟಿದ್ದರು. ಯಾರನ್ನಾದರೂ ಕೆಲಸದಿಂದ ಬಿಡಿಸುವ ದಿನ ಅವರು ಹೊಸ ಅಂಗಿ ತೊಡುತ್ತಾರೆ, ಮನಸ್ಸು ನೊಂದಿರುವುದು ಮೇಲೆ ಕಾಣದಿರಲಿ ಎಂದು. ವಿರೂಪಾಕ್ಷ ಮೇಷ್ಟ್ರು ಶಾಲು, ಹಾರ, ಬಾಳೆಹಣ್ಣು ಎಲ್ಲ ಜೋಡಿಸಿಟ್ಟಿದ್ದರು. ಸೌಟು ಕೊಪ್ಪರಿಗೆಯಲ್ಲಿತ್ತು. ತಿಪ್ಪಕ್ಕ ಗೋಡೆಗೆ ಒರಗಿ, ಯಾರದೋ ಮನೆಗೆ ಬಂದವಳ ಹಾಗೆ ನಿಂತಿದ್ದಳು.

"ಸುಗುಣಮ್ಮಾ, ತೂಗಿಬಿಡೋಣ" ಎಂದರು ಪುಟ್ಟಸೋಮಯ್ಯನವರು.

"ಮೊದಲು ಮಕ್ಕಳ ಊಟ ಆಗಲಿ ಸಾರ್. ನಾನೂ ಪಂಕ್ತಿಯಲ್ಲಿ ಕೂತ್ಕೋತೀನಿ."

ಎಂಟು ವಿಚಾರಣೆಗಳಲ್ಲಿ ನಾನು ಆ ಸಾರನ್ನು ಒಮ್ಮೆಯೂ ಬಾಯಿಗೆ ಹಾಕಿರಲಿಲ್ಲ. ಸೌಟು ತೂಗಲು ಹೋದವರು ಸಾರು ಕುಡಿಯುವ ವಾಡಿಕೆ ನಮ್ಮಲ್ಲಿ ಇಲ್ಲ. ಕಿರ್ರ್ ಎಂದಿತು ರಾಟೆ, ನನ್ನ ತಟ್ಟೆಗೆ ಸಾರು ಬಿತ್ತು. ಕಲಸಿ ಒಂದು ತುತ್ತು ಇಟ್ಟುಕೊಂಡೆ. ನೀರು ಬಿಸಿಯಾಗಿತ್ತು; ಅದರ ಬಗ್ಗೆ ಅಷ್ಟು ಒಳ್ಳೆಯ ಮಾತು ಆಡಬಹುದು. ಅಕ್ಕಪಕ್ಕದಲ್ಲಿ ಕಾಗದದ ಪೊಟ್ಟಣಗಳ ಸರಬರ. ಸಾಲಿನ ಆ ತುದಿಯಲ್ಲಿ ಊಟ ಮುಗಿಸಿದ ಚಿಕ್ಕ ಮಕ್ಕಳು ಎದ್ದು ರಾಗ ಎಳೆದರು: "ಇಂದಿನ ಊಟ ಬಹಳ ರುಚಿಯಾಗಿತ್ತು..." ಕೊಪ್ಪರಿಗೆಯಲ್ಲಿ ಸೌಟು ಇನ್ನೊಂದು ಬೆರಳು ಕೆಳಗೆ ಇಳಿದದ್ದು, ಹಗ್ಗ ಹಿಡಿದವರು ಮುಂದಕ್ಕೆ ಜಗ್ಗಿಹೋದದ್ದು ನನಗೆ ಕಾಣಿಸಿತು.

ಎದ್ದು ನಿಂತೆ. ನನಗೆ ಹೆದರಿಕೆಯಿತ್ತು. ಚೌಕದಲ್ಲಿ ನೂರು ಜನರನ್ನು ಹೊಗಳುವ ಶಿಕ್ಷೆಯ ಹೆದರಿಕೆಯಲ್ಲ. ನಾನು ಅಂದುಕೊಂಡದ್ದು ತಪ್ಪಾಗಿದ್ದರೆ, ಈ ಮಾತಿನಿಂದಲೇ ಸೌಟು ಮಣ ಮುಟ್ಟುತ್ತದೆ. ತಿಪ್ಪಕ್ಕನನ್ನು ನನ್ನ ಕೈಯಾರೆ ಮನೆಗೆ ಕಳಿಸಿದ ಹಾಗಾಗುತ್ತದೆ.

"ತಿಪ್ಪಕ್ಕಾ" ಎಂದೆ, "ಸಾರಿಗೆ ಉಪ್ಪಿಲ್ಲ. ಬೇಳೆ ಬೆಂದಿಲ್ಲ. ಒಗ್ಗರಣೆ ಹಾಕಿದ್ದೀಯೋ ಇಲ್ಲವೋ ಆ ಒಲೆಯನ್ನೇ ಕೇಳಬೇಕು. ಇದನ್ನ ಸಾರು ಅಂತಾರಾ?"

ಮುನ್ನೂರು ಕೈಗಳು ತಟ್ಟೆಗಳಲ್ಲಿ ನಿಂತವು. ವಿರೂಪಾಕ್ಷ ಮೇಷ್ಟ್ರು ಎರಡೂ ಕಿವಿ ಮುಚ್ಚಿಕೊಂಡರು. "ನಿಯಮ ಸುಗುಣಮ್ಮಾ, ನಿಯಮ!" ಎಂದು ಪುಟ್ಟಸೋಮಯ್ಯನವರು ಪಿಸುಗುಟ್ಟಿದ್ದು ಕೊನೆಯ ಸಾಲಿಗೂ ಕೇಳಿತು.

"ಏನಂದೆ?" ತಿಪ್ಪಕ್ಕ ಗೋಡೆ ಬಿಟ್ಟು ಮುಂದೆ ಬಂದಳು. 'ಮೇಡಮ್ಮ' ಹೋಗಿ 'ನೀನು' ಬಂದಿತ್ತು.

"ಉಪ್ಪಿಲ್ಲ ಅಂದೆ."

"ನನ್ನ ಸಾರಿಗೆ ಹೆಸರಿಡ್ತೀಯಾ ನೀನು? ನನ್ನ ಸಾರಿಗೆ? ನಿನ್ನ ಮಗಳು ಮನೇಲಿ ಏನು ತಿಂದು ಬರ್ತಾಳೆ ಅಂತ ನಂಗೊತ್ತಿಲ್ವಾ? ಬಂದ ತಕ್ಷಣ ತಟ್ಟೆಗೆ ಮುಖ ಹಾಕ್ತಾಳೆ, ಪಾಪದ್ದು! ಬಾಣಲೆ ಹಿಡಿಯೋಕೆ ಬರಲ್ಲ, ನಂಗೆ ಒಗ್ಗರಣೆ ಪಾಠ ಹೇಳೋಕೆ ಬಂದ್ಳು!" ಎನ್ನುತ್ತ ನನ್ನ ಕಡೆ ನುಗ್ಗಿದಳು. ನಾನು ತಲೆಗೆ ಕೈ ಅಡ್ಡ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದೆ. ಹಗ್ಗ ಜಗ್ಗುವ ಹೆಂಗಸರು ಅಂಡೂರಿ ಕುಳಿತಿದ್ದರು, ಜಗ್ಗಲು ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಸೌಟು ತಿಪ್ಪಕ್ಕನ ಒಂದೇ ಕೈಯಲ್ಲಿ ಅವಳ ತಲೆಯ ಮೇಲಿತ್ತು. ಹರಿದ ಹಗ್ಗ ಬಾಲದ ಹಾಗೆ ತೂಗುತ್ತಿತ್ತು, ಸಾರು ಅವಳ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

ಎಲ್ಲರೂ ನೋಡಿದರು. ಕೊನೆಗೆ ಅವಳೂ ತಲೆಯೆತ್ತಿ ನೋಡಿದಳು.

ಹೊಡೆಯಲಿಲ್ಲ. ಸೌಟನ್ನು ಇಳಿಸಿ, ಅದರಲ್ಲಿ ಉಳಿದಿದ್ದ ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಬಾಯಿ ಚಪ್ಪರಿಸಿದಳು. ಮುಖ ಕಿವುಚಿದಳು.

"ಒಂದಿನ ಉಪ್ಪು ಹಾಕೋದು ಮರೆತೆ" ಎಂದಳು. ದನಿ ಇಳಿದಿತ್ತು. "ಎರಡು ವರ್ಷ ಆಯ್ತು. ಎಲ್ಲಾ ಬಡಿಸಿದ ಮೇಲೆ ನೆನಪಾಯ್ತು. ಜೀವ ಹೋದಂಗಾಯ್ತು. ಬೈತಾವೆ ಅಂತ ಬಾಗಿಲಲ್ಲಿ ನಿಂತೆ. ಒಂದೊಂದೂ ಬಂದು 'ಬಹಳ ರುಚಿಯಾಗಿತ್ತು' ಅಂದ್ವು. ಮಾರನೇ ದಿನ ಬೇಕಂತಲೇ ಬಿಟ್ಟೆ. ಅವತ್ತೂ ರುಚಿಯಾಗಿತ್ತು. ಉಪ್ಪಿದ್ರೂ ಅದೇ, ಇಲ್ದಿದ್ರೂ ಅದೇ ಅಂದ್ಮೇಲೆ ನಾನ್ಯಾಕೆ ಬೇಕು ಅನ್ನಿಸ್ತು. ಬಿಸಿನೀರು ಕಾಯಿಸೋಕೆ ಒಲೆ ಒಂದೇ ಸಾಕಲ್ಲ."

ಆಗ ಎರಡನೆಯ ಸಾಲಿನಿಂದ ಮುಂಬಲ್ಲಿಲ್ಲದ ಹುಡುಗಿಯೊಬ್ಬಳು ಎದ್ದಳು. "ತಿಪ್ಪಕ್ಕಾ, ಶುಕ್ರವಾರದ ಬೆಂಡೆಕಾಯಿ ಹುಳಿ ಗೋಂದಿನ ಥರ ಇರುತ್ತೆ. ನಾವು ಅದರಲ್ಲಿ ಪಟ ಅಂಟಿಸಿದ್ವಿ."

"ಅಂಟಿತಾ?" ಎಂದಳು ತಿಪ್ಪಕ್ಕ ಕಣ್ಣು ಕಿರಿದು ಮಾಡಿ.

"ಚೆನ್ನಾಗಿ ಅಂಟಿತು."

ಅಲ್ಲಿಂದ ಕಟ್ಟೆ ಒಡೆಯಿತು. ಅನ್ನದಲ್ಲಿ ಕಲ್ಲು, ಮಜ್ಜಿಗೆಯಲ್ಲಿ ಮಜ್ಜಿಗೆ ಇಲ್ಲ, ಕೋಸಿನ ಪಲ್ಯಕ್ಕೆ ಒದ್ದೆ ನಾಯಿಯ ವಾಸನೆ. ಒಂದೊಂದು ದೂರಿಗೂ ತಿಪ್ಪಕ್ಕ ಸೌಟು ಬೀಸಿ ಉತ್ತರ ಕೊಟ್ಟಳು. "ಕೋಸು ಹಂಗೇ ಕಣೋ ನಾರೋದು! ಕಲ್ಲು ನಿನ್ನ ತಲೇಲಿರೋದು! ಮಜ್ಜಿಗೆ ಹೌದು, ಅದು ನನ್ನ ತಪ್ಪು." ವಿರೂಪಾಕ್ಷ ಮೇಷ್ಟ್ರು ಕಿವಿಯಿಂದ ಒಂದು ಕೈ ತೆಗೆದು, ತುಸು ಹೊತ್ತು ಕೇಳಿ, ಇನ್ನೊಂದನ್ನೂ ತೆಗೆದರು. "ನನ್ನ ಪಾಠದ ಬಗ್ಗೆಯೂ ಹೀಗೇ ಏನಾದರೂ..." ಎಂದು ಅವರು ಹತ್ತಿರದ ಮಗುವನ್ನು ಮೆಲ್ಲಗೆ ಕೇಳಿದ್ದೂ, ಆ ಮಗು ಉಸಿರೆಳೆದುಕೊಂಡು ಬಾಯಿ ತೆರೆದದ್ದೂ ನನಗೆ ಕಾಣಿಸಿತು. ಅವರು ಅವಸರವಾಗಿ ಮತ್ತೆ ಒಂದು ಕಿವಿ ಮುಚ್ಚಿಕೊಂಡರು.

ಪುಟ್ಟಸೋಮಯ್ಯನವರು ಹಾಳೆ ಹಿಡಿದು ನನ್ನ ಪಕ್ಕ ಬಂದರು. "ತೂಗೋದೇನೋ ಬೇಕಾಗಿಲ್ಲ. ಆದ್ರೆ ಕಾರಣದ ಜಾಗ ಖಾಲಿ ಇದೆಯಲ್ಲ ಸುಗುಣಮ್ಮ, ಏನಂತ ಬರೀಲಿ? ದಣಿವಾ? ಬೇಸರಾನಾ?"

"ನನ್ನ ಹೆಸರು ಬರೀರಿ ಸಾರ್."

ನಾನು ನಗೆಯಾಡುತ್ತಿದ್ದೇನೆಂದುಕೊಂಡು ಅವರು ಕಾದರು. ನಾನೇ ಲೇಖನಿ ತೆಗೆದುಕೊಂಡು ಬರೆದೆ, ಕೆಳಗೆ ರುಜುವನ್ನೂ ಹಾಕಿದೆ. ಕೈಯಿರುವ ಕುರ್ಚಿ ಇನ್ನು ಎಷ್ಟು ದಿನವೋ.

ಅಷ್ಟರಲ್ಲಿ ತಿಪ್ಪಕ್ಕ ಕೊಪ್ಪರಿಗೆಯನ್ನು ಮೋರಿಗೆ ಬಗ್ಗಿಸಿ ಹೊಸದಾಗಿ ಬೇಳೆ ಇಟ್ಟಿದ್ದಳು. ಮಕ್ಕಳು ಎರಡೂವರೆಯ ತನಕ ಹಸಿದುಕೊಂಡು, ಗಲಾಟೆ ಮಾಡಿಕೊಂಡು ಕಾದವು. ಒಗ್ಗರಣೆಯ ಘಾಟಿಗೆ ಪುಟ್ಟಸೋಮಯ್ಯನವರು ಏಳು ಸಲ ಸೀನಿದರು. ಮೊದಲ ಸೌಟು ನನ್ನ ತಟ್ಟೆಗೇ ಬಿತ್ತು. ತಿಪ್ಪಕ್ಕ ಸೊಂಟಕ್ಕೆ ಕೈಯಿಟ್ಟು ನನ್ನ ಎದುರೇ ನಿಂತಳು. "ಹೂಂ. ಈಗ ಹೇಳು."

ತುತ್ತು ಬಾಯಿಗಿಟ್ಟೆ. ಎರಡು ವರ್ಷ ಹಿಡಿದಿಟ್ಟ ಉಪ್ಪನ್ನೆಲ್ಲ ಒಂದೇ ದಿನ ಸುರಿದ ಹಾಗಿತ್ತು. ಕಣ್ಣಲ್ಲಿ ನೀರು ಬಂತು. ಸುತ್ತ ಮುನ್ನೂರು ಮಕ್ಕಳು ನನ್ನ ಬಾಯನ್ನೇ ನೋಡುತ್ತಿದ್ದವು. ಚೆನ್ನಾಗಿದೆ ಎಂದುಬಿಡುವುದು ಎಷ್ಟು ಸುಲಭವಾಗಿತ್ತು.

"ಉಪ್ಪು ಜಾಸ್ತಿಯಾಗಿದೆ" ಎಂದೆ.

ತಿಪ್ಪಕ್ಕ ಬಗ್ಗಿ, ನನ್ನ ತಟ್ಟೆಯಿಂದಲೇ ಒಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಹೌದೆಂದು ತಲೆಯಾಡಿಸಿದಳು.

"ಕೈ ಮರೆತುಬಿಟ್ಟಿದೆ. ಈಗ ಒಂದು ತಂಬಿಗೆ ಬಿಸಿನೀರು ಬೆರೆಸಿ ಬಡಿಸ್ತೀನಿ" ಎಂದಳು. ಒಲೆಯ ಕಡೆ ತಿರುಗಿದವಳು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. "ನಾಳೆ ಸರಿಯಾಗಿ ಮಾಡ್ತೀನಿ. ಬಂದು ತಿಂದು ಹೇಳು."